ಲೋರೆನ್ಸ್ ಕೆತ್ತಿದ ಕೊಕ್ಕರೆ

ಪೆಟ್ಟಿಗೆಯೊಳಗಿನ ಮೇಣದ ಮುದ್ರೆಯನ್ನು ಕಂಡ ಎಪ್ಪತ್ತೆಂಟರ ಹಾರ್ಮ್ ಬೊಯ್ಸೆನ್, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಅಂಗೈಯಗಲದ ಕಂದು ಮೇಣದ ಮೇಲೆ ಕೊಕ್ಕಿನಲ್ಲಿ ಕೀಲಿಕೈ ಕಚ್ಚಿ ನಿಂತ ಕೊಕ್ಕರೆ. ಡೋರ್ನ್‌ಬೆಕ್ ಊರಿನ ಲಾಂಛನ. ಆದರೆ ಬಾವುಟದಲ್ಲಿ ಬಲಕ್ಕೆ ನೋಡುವ ಕೊಕ್ಕರೆ ಇಲ್ಲಿ ಎಡಕ್ಕೆ ನೋಡುತ್ತಿತ್ತು.

"ಇದು ಉಲ್ಟಾ ಇದೆಯಲ್ಲಮ್ಮಾ."

"ಇದೇ ಸರಿ, ಬೊಯ್ಸೆನ್ ಅವರೇ," ಎಂದಳು ಅವನನ್ನು ಫೋನ್ ಮಾಡಿ ಕರೆಸಿದ್ದ ಗೆಸ್ಕೆ. ಪುರಸಭೆಯ ಹಳೇ ದಾಖಲೆಗಳೆಲ್ಲ ಅವಳ ಸುಪರ್ದಿನಲ್ಲಿದ್ದವು. "ಸಾವಿರದ ಮುನ್ನೂರ ನಲವತ್ತೇಳನೇ ಇಸವಿದು. ದೊರೆ ಊರಬಾಗಿಲ ಕೀಲಿಕೈನ ಊರಿನವರಿಗೇ ಬಿಟ್ಟುಕೊಟ್ಟಾಗ ಒತ್ತಿದ ಮೊದಲನೇ ಮುದ್ರೆ. ಒತ್ತೋ ಹಿತ್ತಾಳೆ ಅಚ್ಚಲ್ಲಿ ಚಿತ್ರ ಉಲ್ಟಾ ಇರ್ಬೇಕು ತಾನೇ? ಇನ್ನೂರು ವರ್ಷದ ಹಿಂದೆ ಬಾವುಟ ಬರೆದ ಪುಣ್ಯಾತ್ಮ ಮೇಣ ನೋಡ್ಲಿಲ್ಲ, ಅಚ್ಚು ನೋಡ್ಕೊಂಡು ಬರೆದ. ಅಲ್ಲಿಂದ ಊರಿಗೆ ಊರೇ ಉಲ್ಟಾ."

ಹಾರ್ಮ್ ಕುರ್ಚಿ ಎಳೆದುಕೊಂಡು ಕುಳಿತ. ಅವನ ಅಪ್ಪ ಲೋರೆನ್ಸ್ 1956ರ ಕೊನೆಯಲ್ಲಿ ತೆರೆದ ಹೊಸ ಸೇತುವೆಗೆಂದು ಕಲ್ಲಿನಲ್ಲಿ ಕೆತ್ತಿದ ಕೊಕ್ಕರೆಯೂ ಎಡಕ್ಕೇ ನೋಡುತ್ತಿತ್ತು. ಉದ್ಘಾಟನೆಯ ಬೆಳಿಗ್ಗೆಯೇ ಪುರಸಭೆ ಆ ಕಲ್ಲನ್ನು ಕೀಳಿಸಿತು. ಕುಡಿದ ಮತ್ತಿನಲ್ಲಿ ಕೆತ್ತಿದ್ದಾನೆಂದು ಜನ ಆಡಿಕೊಂಡರು. ಶಾಲೆಯಲ್ಲಿ ಹಾರ್ಮ್‌ನನ್ನು ಕಂಡರೆ ಹುಡುಗರು ಹಿಂದುಹಿಂದಕ್ಕೆ ನಡೆದು ತೋರಿಸುತ್ತಿದ್ದರು. "ಸರಿಯಾಗೇ ಇದೆ," ಎಂದಷ್ಟೇ ಅಪ್ಪ ಹೇಳುತ್ತಿದ್ದ. ಕೇಳಿದವರು ನಗುತ್ತಿದ್ದರು, ಮಗನೂ ನಂಬಿರಲಿಲ್ಲ. ಆಮೇಲೆ ಆ ಮನೆಯಲ್ಲಿ ಯಾರೂ ಉಳಿ ಹಿಡಿಯಲಿಲ್ಲ.

ಗೆಸ್ಕೆ ಮುದ್ರೆಯನ್ನು ಮೆಲ್ಲಗೆ ಮಗುಚಿದಳು. ಹಿಂಬದಿಯ ಮೇಣದಲ್ಲಿ, ಅದನ್ನು ಒತ್ತಿದವನ ಹೆಬ್ಬೆರಳಿನ ಗೆರೆಗಳು ಒಂದೂ ಅಳಿಯದೆ ಹಾಗೇ ಇದ್ದವು. ಹೆಚ್ಚುಕಡಿಮೆ ಏಳುನೂರು ವರ್ಷ. ಹಾರ್ಮ್‌ನ ಮೈ ಜುಮ್ಮೆಂದಿತು. ಮುಟ್ಟಲು ಚಾಚಿದ ಕೈಯನ್ನು ತಾನೇ ಹಿಂದಕ್ಕೆ ತೆಗೆದುಕೊಂಡ.

"ಅಪ್ಪ ಇದನ್ನೆಲ್ಲಿ ನೋಡಿರ್ತಾನೆ ಬಿಡಮ್ಮಾ," ಎಂದ. "ಕುಡಿದು ಕೆತ್ತಿದ್ದು ಅದೃಷ್ಟಕ್ಕೆ ಸರಿಹೋಯ್ತು, ಅಷ್ಟೇ."

ಗೆಸ್ಕೆ ಪೆಟ್ಟಿಗೆಯ ತಳದಿಂದ ಹಳದಿಗಟ್ಟಿದ ಹಾಳೆಯೊಂದನ್ನು ತೆಗೆದು, ಪೆನ್ಸಿಲ್ ಸಮೇತ ಅವನ ಮುಂದಿಟ್ಟಳು.

"ಪೆಟ್ಟಿಗೆ ತೆಗೆಸಿ ನೋಡಿದವರು ಹೆಸರು, ಕಸುಬು, ತಾರೀಖು ಬರೀಬೇಕು. ಮೊದಲಿಂದಲೂ ಇರೋ ನಿಯಮ."

ಹಾಳೆಯಲ್ಲಿ ಇದ್ದದ್ದು ಒಂದೇ ಒಂದು ಸಾಲು: ಲೋರೆನ್ಸ್ ಬೊಯ್ಸೆನ್, ಕಲ್ಲುಕುಟಿಗ, 11 ಏಪ್ರಿಲ್ 1956.

ಹಾರ್ಮ್ ಅದರ ಕೆಳಗೆ ತನ್ನ ಹೆಸರು ಬರೆದ. ನಲವತ್ತು ವರ್ಷ ಅಂಚೆ ಕಚೇರಿಯಲ್ಲಿ ದುಡಿದವನು, ಕಸುಬಿನ ಜಾಗಕ್ಕೆ ಬಂದಾಗ ತಡೆದ. ಆಮೇಲೆ, 'ಕಲ್ಲುಕುಟಿಗನ ಮಗ' ಎಂದು ಬರೆದ.