ಸೆರಗಿನ ಕೆಳಗೆ

ವೇದಾ ಜಡೆಗೆ ಕತ್ತರಿ ಹಚ್ಚಿದಾಗ ಅಜ್ಜಿ ಗೋಪಿಕಾಬಾಯಿ ಅವಳ ಕೈ ಹಿಡಿದರು. ದೂರದ ದೇಶವೊಂದರಲ್ಲಿ ತಲೆ ಮುಚ್ಚಿಕೊಳ್ಳದ ಹುಡುಗಿಯನ್ನು ಜೈಲಿಗೆ ಹಾಕಿದ್ದರು. ಅವಳ ಪರವಾಗಿ ಎಲ್ಲೆಲ್ಲಿಯ ಹೆಣ್ಣುಮಕ್ಕಳೋ ಕೂದಲು ಕತ್ತರಿಸಿಕೊಂಡು ಮೊಬೈಲಿನಲ್ಲಿ ವಿಡಿಯೊ ಹಾಕುತ್ತಿದ್ದರು. ಸವಣೂರಿನಿಂದ ವೇದಾಳದೂ ಒಂದು ಹೋಗಬೇಕಿತ್ತು.

“ಬಿಡು ಅಜ್ಜಿ, ನನ್ನ ಕೂದಲ ಇವು.”

“ಆ ಇಲಿಬಾಲ ನಿನಗ ಇರಲಿ, ಹುಚ್ಚಿ. ನಿಮ್ಮಜ್ಜ ಹೋದಾಗ ನನಗ ಇಪ್ಪತ್ತು. ಹಿಡಿದು ಕೂಡಿಸಿ ತಲಿ ಬೋಳಿಸಿದ್ರು. ಬೇಕೋ ಬ್ಯಾಡೋ ಅಂತ ಯಾರೂ ಕೇಳಲಿಲ್ಲ.”

ಅಂದಿನಿಂದ ಕೆಂಪು ಸೀರೆಯ ಸೆರಗು ಆ ತಲೆಯಿಂದ ಜಾರಿದ್ದನ್ನು ಮನೆಯವರೂ ಕಂಡಿರಲಿಲ್ಲ. ಗೋಪಿಕಾಬಾಯಿ ಮೊಬೈಲಿನ ಎದುರು ಕುಳಿತರು. ಸೆರಗನ್ನು ಹೆಗಲಿಗೆ ಇಳಿಸಿದರು.

“ವಿಡಿಯೊ ಮಾಡು,” ಎಂದರು. “ಈ ಸಲ ನಾನ ಹೇಳಾಕತ್ತೇನಿ.”