ಕರಡಿಯ ಎಂಜಲು

ಹಂಚಿ ತಿನ್ನಲು ಕಲಿತ ಹೊಟ್ಟೆಬಾಕ ಕರಡಿಯ ಚಿತ್ರಪುಸ್ತಕ ಬಿಡುಗಡೆಯಾಯಿತು. ಲೇಖಕಿ ಓದಿದ ಕಥೆ ಕೇಳಿ ಮಕ್ಕಳು ಬಿದ್ದು ಬಿದ್ದು ನಕ್ಕರು.

"ಮೇಡಂ, ಒಂದು ಫೋಟೋ. ಕರಡಿ ಥರಾನೇ ಕಡಲೆಮಿಠಾಯಿ ಹಂಚ್ಕೊಂಡು ತಿನ್ನಿ," ಎಂದು ಫೋಟೋಗ್ರಾಫರ್ ಸಭಾಂಗಣದ ಕಸ ಗುಡಿಸುವವಳ ಮಗಳನ್ನು ತಂದು ನಿಲ್ಲಿಸಿದ.

ಹುಡುಗಿಯ ಸಿಂಬಳ ಮೇಲ್ತುಟಿಗೆ ಇಳಿದಿತ್ತು. ಲೇಖಕಿ ಅವಳಿಗೆ ತಾಗದಂತೆ ಸೆರಗು ಎಳೆದುಕೊಂಡಳು. ಆದರೂ ನಗುತ್ತಲೇ ಮಿಠಾಯಿ ಕಚ್ಚಿ, ಉಳಿದದ್ದನ್ನು ಅವಳ ಬಾಯಿಗಿಟ್ಟಳು.

ಹುಡುಗಿ ಇನ್ನೊಂದು ಮಿಠಾಯಿ ಎತ್ತಿಕೊಂಡಳು. ಮಾಸಿದ ಲಂಗದ ಅಂಚನ್ನು ಅದಕ್ಕೆ ಸುತ್ತಿ ಕಟಕ್ಕನೆ ಕಚ್ಚಿ, ಅರ್ಧ ಮುಂದೆ ಹಿಡಿದಳು.

"ಗುಬ್ಬಿ ಎಂಜಲು ಮೇಡಂ. ಬಟ್ಟೆ ಮುಚ್ಚಿದೀನಿ, ಏನೂ ಆಗಲ್ಲ, ತಿನ್ನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಲೇಖಕಿ ಬಾಯಿ ತೆರೆಯಲೇಬೇಕಾಯಿತು. ಆ ತುಂಡನ್ನು ನುಂಗದೆ ದವಡೆಗೆ ಒತ್ತರಿಸಿಕೊಂಡು, ಸಹಿ ಕೇಳಿ ಬಂದವರಿಗೆಲ್ಲ ಮುಚ್ಚಿದ ಬಾಯಲ್ಲೇ ನಕ್ಕು, ಕೊನೆಗೂ ಹಿತ್ತಲ ನಲ್ಲಿಯತ್ತ ಉಗಿಯಲು ಓಡಿದಳು.

ಅಲ್ಲಿ ಕಸ ಗುಡಿಸುವವಳು ಮಗಳ ತಲೆ ಬಗ್ಗಿಸಿ ಹಿಡಿದು ಬಾಯಿಗೆ ನೀರು ಹೊಯ್ಯುತ್ತಿದ್ದಳು.

"ಇನ್ನೊಂದ್ಸಲ ಮುಕ್ಕಳಿಸೇ. ಥೂ! ಬಟ್ಟೆನೂ ಮುಚ್ಚದೆ ಕಚ್ಚಿ ಕೊಟ್ಳಲ್ಲ, ಗಲೀಜು ಹೆಂಗಸು!"