ಕುವೈತಿನಿಂದ ಬಾರದ ಮೇಲ್

ಪರೀಕ್ಷೆಗೆಂದು ಕಳಿಸಿದ ಮೇಲ್ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಂದು ಬಿತ್ತು. ತಬಸ್ಸುಮ್‌ಗೆ ಅಳು ಬಂತು.

ಬಾರದಿದ್ದರೇ ಚೆನ್ನಾಗಿತ್ತು. ಏನೋ ಕೆಟ್ಟಿದೆ, ಅದಕ್ಕೇ ಅಣ್ಣನ ಮೇಲ್ ಬರುತ್ತಿಲ್ಲ ಎಂದುಕೊಳ್ಳಬಹುದಿತ್ತು. ಈಗ ನೋಡಿದರೆ ಎಲ್ಲವೂ ಸರಿ. ಊರವರದೆಲ್ಲ ಬರುತ್ತಿದೆ. ಕುವೈತಿಗೆ ಹೋದ ಖಾಲಿದ್‌ನದು ಮಾತ್ರ ಇಲ್ಲ. ಟಿವಿ ಹಚ್ಚಿದರೆ ಇರಾಕಿನ ಯುದ್ಧ. ಕುವೈತಿನ ಮೇಲೂ ಕ್ಷಿಪಣಿ ಬಿತ್ತಂತೆ.

ಬೈಲಹೊಂಗಲದ ಬಜಾರಿನಲ್ಲಿ ನಿಜಗುಣಪ್ಪ ಸಾವಕಾರರ ಇಂಟರ್ನೆಟ್ ಅಂಗಡಿ. ರಾಮದುರ್ಗದಲ್ಲಿ ಅದರದೊಂದು ಶಾಖೆ. ಗಿರಾಕಿಗಳಿಗೆಲ್ಲ ಅಂಗಡಿಯ ಹೆಸರಿನದೇ ಮೇಲ್ ವಿಳಾಸ. ಹೋಗುವ ಮುಂಚೆ ಖಾಲಿದ್‌ಗೂ ತಂಗಿ ಒಂದು ಮಾಡಿಕೊಟ್ಟಿದ್ದಳು. ಬಂದದ್ದೆಲ್ಲ ಹಿಂದಿನ ಕೋಣೆಯ ಒಂದು ಮುದಿ ಸರ್ವರಿನಲ್ಲಿ ಕೂಡುತ್ತಿತ್ತು. ಅದೋ, ದಿನಕ್ಕೊಮ್ಮೆ ಮುನಿಸಿಕೊಳ್ಳುವ ಜಾತಿ. ಕಡೆಗೆ ಸಾವಕಾರರು ಬೇಸತ್ತು ಮುಂಬಯಿಯಲ್ಲಿ ಹೊಸ ಸರ್ವರ್ ಬಾಡಿಗೆಗೆ ಹಿಡಿದರು. ಮೇಲ್ ಎಲ್ಲ ಅಲ್ಲಿಗೆ ಸಾಗಿಸುವ ಕೆಲಸ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವ ತಬಸ್ಸುಮ್‌ಳ ತಲೆಗೆ ಬಂತು.

ಅದೇನು ಬ್ರಹ್ಮವಿದ್ಯೆಯಲ್ಲ. ಡಿಎನ್ಎಸ್ ಎಂದರೆ ಲೋಕಕ್ಕೆಲ್ಲ ವಿಳಾಸ ಹೇಳುವ ಚಾವಡಿ. ಅಲ್ಲಿ ‘ನಮ್ಮ ಮೇಲ್ ಇನ್ನು ಮುಂಬಯಿಗೆ ಕೊಡಿ’ ಎಂದು ಒಂದು ಸಾಲು ತಿದ್ದಿದರೆ ಎರಡು ದಿನದೊಳಗೆ ಲೋಕವೆಲ್ಲ ಹೊಸ ದಾರಿ ಹಿಡಿಯುತ್ತದೆ. ತಬಸ್ಸುಮ್ ತಿದ್ದಿದಳು. ಲೋಕ ಹಿಡಿಯಿತು. ರಾಮದುರ್ಗದ ಶಾಖೆ ಮಾತ್ರ ಯಾರನ್ನೂ ಕೇಳದೆ, ಫೋನ್ ತಂತಿಯ ಮೇಲೆ ನೇರ ಹಳೇ ಸರ್ವರಿನ ಕೈಗೇ ಮೇಲ್ ಒಪ್ಪಿಸುತ್ತಿತ್ತು. ಅಲ್ಲಿಯ ಮೇಲ್ ಹೊರಗಿನವರಿಗೆ ಹೋಗುವುದು ತಾನೆ, ಅದನ್ನು ಹಳೇ ಸರ್ವರೇ ಸಾಗಿಸುತ್ತದೆ, ಆಮೇಲೆ ನೋಡಿದರಾಯಿತು ಎಂದು ಬಿಟ್ಟಳು.

ಅದೇ ವಾರ ಯುದ್ಧ ಶುರುವಾಯಿತು. ಅದೇ ವಾರ ಖಾಲಿದ್‌ನ ಮೇಲ್ ನಿಂತಿತು.

ಹೋದ ವರ್ಷ ಅರ್ಧ ಓಣಿ ಬಸ್ ಸ್ಟ್ಯಾಂಡಿಗೆ ಬಂದು ಅವನಿಗೆ ಹಾರ ಹಾಕಿ ಕಳಿಸಿತ್ತು. ಮುಂಬಯಿಯ ಏಜೆಂಟ್ ವಿಮಾನ ಹತ್ತಿಸುತ್ತೇನೆಂದಿದ್ದ. ಅಲ್ಲಿಂದೀಚೆಗೆ ಫೋನಿಲ್ಲ, ದುಬಾರಿಯಂತೆ. ವಾರವಾರ ಮೇಲ್ ಮಾತ್ರ. ತಬಸ್ಸುಮ್ ಓದುವಳು, ತಾಯಿ ಕಾಶಿಂಬಿ ಕಣ್ಣೊರೆಸಿಕೊಳ್ಳುವಳು. ‘ಕರೆಂಟ್ ಹೋಗೂದ್ರಾಗ ಬರದು ಮುಗಸ್ತೇನಿ’ ಎಂದು ಒಮ್ಮೆ ಬರೆದಿದ್ದ. “ಅಲ್ಲೂ ಕರೆಂಟ್ ಹೋಗತೈತೇನ ಬೇಟಿ?” ಎಂದು ಮುದುಕಿ ಗಲ್ಲಕ್ಕೆ ಕೈ ಹಚ್ಚಿದ್ದಳು.

ಈಗ ಕಾಶಿಂಬಿ ಮನೆಯಲ್ಲಿ ನಿಲ್ಲಲಾರದೆ ಅಂಗಡಿಯ ಮೂಲೆಯಲ್ಲೇ ತಸಬಿಯ ಮಣಿ ಎಣಿಸುತ್ತ ಕೂತಿದ್ದಳು. ಕಂಪ್ಯೂಟರ್ ಕುಂಯ್ ಎಂದರೆ ಸಾಕು, ತಲೆ ಎತ್ತುವಳು.

“ಬಂತೇನ?”

“ಇಲ್ಲಮ್ಮಾ.”

“ನೀ ಅದನ್ನ ಮುಟ್ಟಬಾರದಾಗಿತ್ತು.”

ತಬಸ್ಸುಮ್‌ಳ ಕಣ್ಣು ಪರದೆಗೆ ತಿರುಗಿತು. ಯಾ ಅಲ್ಲಾ, ತಪ್ಪು ನನ್ನದೇ ಆಗಿರಲಿ, ನಾನೇ ಎಲ್ಲೋ ಕೆಡಿಸಿರಲಿ ಎಂದು ಬೇಡಿಕೊಂಡಳು. ಮತ್ತೆ ಆ ಸಾಲನ್ನು ಅಕ್ಷರ ಅಕ್ಷರವಾಗಿ ಓದಿದಳು. ಹಾಳಾದ್ದು, ಒಂದು ಚುಕ್ಕಿಯೂ ತಪ್ಪಿರಲಿಲ್ಲ.

ಫೋನ್ ಹೊಡೆದುಕೊಂಡಿತು. ರಾಮದುರ್ಗದ ಶಾಖೆ ನೋಡಿಕೊಳ್ಳುವ ದುರ್ಗಪ್ಪ.

“ಅಕ್ಕಾರ, ಪ್ರಿಂಟರಿನ ಶಾಯಿ ಮುಗದೈತಿ ಅಂತ ಮೇಲ್ ಹಾಕಿ ವಾರ ಆತು. ಇನ್ನೂ ಕಳಸವಲ್ರಿ.”

“ಸುಳ್ಳ ಹೇಳಬ್ಯಾಡ್ರಿ ದುರ್ಗಪ್ಪ. ಇಲ್ಲಿ ಒಂದೂ ಬಂದಿಲ್ಲ.”

ದುರ್ಗಪ್ಪನ ‘ಹಾಕೇನಿ’ ಎಂದರೆ ‘ನಾಳೆ ಹಾಕತೇನಿ’ ಎಂದು ಅರ್ಥ. ಅದು ಅಂಗಡಿಗೆಲ್ಲ ಗೊತ್ತು.

“ಇರ್ಲಿ ಬಿಡ್ರಿ,” ಎಂದ. ಆಮೇಲೆ, “ಅಮ್ಮಾರು ಹೆಂಗದಾರ?”

ಶಾಯಿ, ಕಾಗದ ಬಿಟ್ಟು ಬೇರೆ ಮಾತಾಡಿದವನಲ್ಲ. ತಬಸ್ಸುಮ್‌ಳ ಕಟ್ಟೆ ಒಡೆಯಿತು.

“ಹೆಂಗಿರ್ತಾರ್ರಿ? ಅಣ್ಣನ ಸುದ್ದಿ ಇಲ್ಲ. ಉಣ್ಣೂದ ಬಿಟ್ಟಾರ.”

ಆ ಕಡೆ ಯಾರೋ ಕುರ್ಚಿ ಸರಿಸಿದ ಸದ್ದು.

“ಅಂವಗ ಏನೂ ಆಗಿಲ್ಲಂತ ಹೇಳ್ರಿ ಅಮ್ಮಾರಿಗೆ. ಉಣ್ಣಾಕ ಹೇಳ್ರಿ.”

“ನಿಮಗೇನ ಗೊತ್ತು?” ಎಂದು ಸಿಡುಕಿ ಫೋನ್ ಇಟ್ಟಳು. ಪುಕ್ಕಟೆ ಸಮಾಧಾನ ಯಾರಿಗೆ ಬೇಕಾಗಿತ್ತು!

ಮಧ್ಯಾಹ್ನ ಸಾವಕಾರರು ಬಂದರು. ಕಾಶಿಂಬಿಯ ಮುಖ ನೋಡಿ ದನಿ ತಗ್ಗಿಸಿದರು.

“ಆ ಹಳೇ ಡಬ್ಬಾ ಪೂರಾ ಒರಸಿ ಇಡವಾ. ಸಂಜೀಕ ನಮ್ಮ ಅಳಿಯ ಸೋಮಪ್ಪ ಒಯ್ತಾನ. ರಾಮದುರ್ಗದ್ದೂ ಇವತ್ತ ಮುಂಬಯಿಗೆ ತಿರುಗಿಸಿ ಬಿಡು.”

ತಬಸ್ಸುಮ್ ಹಿಂದಿನ ಕೋಣೆಗೆ ಹೋದಳು. ಅಣ್ಣನ ಹಳೇ ಮಾತೆಲ್ಲ ಈ ಡಬ್ಬಿಯಲ್ಲೇ ಬಂದದ್ದು. ಒರೆಸುವ ಮುಂಚೆ ಒಮ್ಮೆ ನೋಡಿಕೊಳ್ಳೋಣ ಎಂದು ತೆರೆದಳು. ಲೋಕದ ದಾರಿಯೇ ಬದಲಾದ ಮೇಲೆ ಇಲ್ಲಿ ಹೊಸದೇನು ಬಂದೀತು?

ಬಂದಿತ್ತು. ಒಂದರ ಕೆಳಗೊಂದು, ಯಾರೂ ಓದದೆ ಬಿದ್ದಿದ್ದವು. ಖಾಲಿದ್. ಖಾಲಿದ್. ಖಾಲಿದ್. ಮೇಲಿನದು ಇವತ್ತು ಬೆಳಗಿನದು.

“ಅಮ್ಮಾ! ಅಣ್ಣ ಬದಕ್ಯಾನಮ್ಮಾ! ಬದಕ್ಯಾನ!”

ಕಾಶಿಂಬಿ ಗೋಡೆ ಹಿಡಿದು ಬಂದವಳು ನೆಲದ ಮೇಲೇ ಕುಸಿದು ಕೂತಳು. “ಯಾ ಅಲ್ಲಾ, ನಿನ್ನ ಶುಕುರ್” ಎಂದು ಸೆರಗೊಡ್ಡಿದಳು. ಬಾಗಿಲಲ್ಲಿ ಸಾವಕಾರರು ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡರು. ತಾಯಿ ಮಗಳು ನಗುತ್ತಿದ್ದಾರೋ ಅಳುತ್ತಿದ್ದಾರೋ ಯಾರಿಗೂ ತಿಳಿಯುವಂತಿರಲಿಲ್ಲ.

“ಓದ ಬೇಟಿ, ಓದ.”

“‘ನಿಮ್ಮ ಮೇಲ್ ಯಾಕ ಬರವಲ್ದು? ಅಮ್ಮ ಆರಾಮ ಅದಾಳಿಲ್ಲೋ? ಉಣ್ಣೂದ ಬಿಟ್ಟಾಳಂತ ಕೇಳಿ ನನಗ ತುತ್ತ ಇಳಿವಲ್ದು...’”

ತಬಸ್ಸುಮ್ ತಡೆದಳು. ಉಣ್ಣುವುದು ಬಿಟ್ಟದ್ದನ್ನು ಅವಳು ಬೆಳಿಗ್ಗೆ ಫೋನಿನಲ್ಲಿ ಒಬ್ಬನಿಗಷ್ಟೇ ಹೇಳಿದ್ದಳು. ಕಣ್ಣು ಕೆಳಗಿಳಿಯಿತು. ಖಾಲಿದ್‌ನ ಎರಡು ಮೇಲ್‌ಗಳ ನಡುವೆ ದುರ್ಗಪ್ಪನದೊಂದು ಸಿಕ್ಕಿಕೊಂಡಿತ್ತು. ಶಾಯಿ ಮುಗಿದಿದೆ, ಬೇಗ ಕಳಿಸಿರಿ. ಈ ಡಬ್ಬಿಯ ಕೈಗೆ ಇನ್ನೂ ಮೇಲ್ ಒಪ್ಪಿಸುವುದು ರಾಮದುರ್ಗದ ಅಂಗಡಿಯೊಂದೇ.

“ಯಾಕ ನಿಂತಿ? ಕುವೈತದಾಗ ಏನಾತಂತ?”

ತಬಸ್ಸುಮ್ ಎದ್ದಳು. ಗೂಟದಲ್ಲಿದ್ದ ಬುರ್ಖಾ ತೆಗೆದು ತಾಯಿಯ ಕೈಗಿಟ್ಟಳು.

“ಏಳಮ್ಮಾ, ರಾಮದುರ್ಗದ ಬಸ್ಸಿಗೆ ಹೊತ್ತಾಗತೈತಿ.”